ಕೋವಿಗೆ ಕಟ್ಟಿದ ಹಗ್ಗ

ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನಲ್ಲಿ ಅರಂತೋಡಿನ ಕಡೆ ಹಳೆಯ ಒಂಟಿ ಗುಂಡಿನ ಕೋವಿಗಳನ್ನು ರಿಪೇರಿ ಮಾಡುವವರೊಬ್ಬರಿದ್ದರು. ರಿಪೇರಿಯಾದ ಕೋವಿಯನ್ನು ಹಲಸಿನ ಬೊಡ್ಡೆಗೆ ಕಟ್ಟಿ, ಟ್ರಿಗರಿಗೆ ಉದ್ದದ ಹಗ್ಗ ಬಿಗಿದು, ನೋಡಲು ಸೇರಿದ ನಮ್ಮನ್ನೆಲ್ಲ ಮಣ್ಣಿನ ಗೋಡೆಯ ಹಿಂದೆ ಕಳಿಸಿ ದೂರದಿಂದ ಎಳೆಯುತ್ತಿದ್ದರು. ಸದ್ದು ಅಡಗಿದ ಮೇಲೆ ಕೂಗಿ ಕೇಳುವುದು ಒಂದೇ ಮಾತು: “ಎಲ್ಲ ಇದ್ದೀರಲ್ಲ?” ನಾವು ನಗುತ್ತಿದ್ದೆವು.

ನಮ್ಮ ಕೋವಿಯಲ್ಲಿ ಮದ್ದುಗುಂಡಿನ ತೋಟೆ ತುಂಬಿದ ಮೇಲೆ ಅದರ ಹಿಂದೆ ನಳಿಗೆಯನ್ನು ಮುಚ್ಚುವ ಉಕ್ಕಿನ ತುಂಡು ಸವೆದಿತ್ತು. ಅದೇ ತರದ ಇನ್ನೊಂದು ಮುರುಕು ಕೋವಿಯಿಂದ ತುಂಡು ಬಿಚ್ಚಿ ಒಯ್ದೆ. ಅವರು ಹಾಕಿ ನೋಡಿದರು. ಸರಿಯಾಗಿ ಕೂತಿತು. ಆದರೆ ತೆಗೆದು ನನ್ನ ಕೈಗೇ ಇಟ್ಟರು.

“ಒಂದರದ್ದು ಇನ್ನೊಂದಕ್ಕೆ ಆಗುದಿಲ್ಲ. ಅರ ಹಾಕಿ ಉಜ್ಜಿ ಹೊಸತು ಮಾಡ್ತೇನೆ.”

“ಚಂದ ಕೂತಿತಲ್ಲ ಮಾರಾಯ್ರೆ, ಮತ್ತೆಂತ?”

“ಅವತ್ತು ಬೇರೆ ಕೋವಿಯದ್ದು ಹಾಕಿದಾಗಲೂ ಹೀಗೇ ಕೂತಿತ್ತು. ಹೊಡೆದು ನೋಡು ಅಂತ ಮಗನ ಕೈಗೆ ನಾನೇ ಕೊಟ್ಟದ್ದು. ತುಂಡು ಹಿಂದೆ ಹಾರಿ ಅವನ ಹಣೆಗೆ ಬಿತ್ತು. ಅಲ್ಲೇ ಹೋದ.”

ತಿಂಗಳು ಕಳೆದು ನಮ್ಮ ಕೋವಿಯ ಹಗ್ಗ ಎಳೆದರು. “ಎಲ್ಲ ಇದ್ದೀರಲ್ಲ?”

ಗೋಡೆಯ ಹಿಂದೆ ನಾನೊಬ್ಬನೇ. “ಇದ್ದೇನೆ” ಎಂದು ಗಟ್ಟಿಯಾಗಿ ಹೇಳಿ ಹೊರಗೆ ಬಂದೆ. ಅವರು ಹಗ್ಗ ಬಿಡದೆ, ಗೋಡೆಯ ಕಡೆಗೆ ಕಿವಿಗೊಟ್ಟು ನಿಂತೇ ಇದ್ದರು.