ಅಂಗೈ ಕಿಟಕಿ

ದೊನಾತಾ ಟೀಚರಿಗೆ ಇದ್ದದ್ದು ಒಂದೇ ಹಟ. ಮಕ್ಕಳು ಹೊಸದಾಗಿ ಕಟ್ಟಿದ ಒಂದಾದರೂ ಗ್ರೀಕೊ ಮಾತು ಶಾಲೆಯ ಬಾಗಿಲು ದಾಟಿ ಬೀದಿಗೆ ಬರಬೇಕು. ಇಟಲಿಯ ಈ ತುದಿಯಲ್ಲಿ ನಮ್ಮ ಗ್ರೀಕೊ ಭಾಷೆ ಉಳಿದಿರುವುದೇ ಮುದುಕ ಮುದುಕಿಯರ ಬಾಯಲ್ಲಿ, ಒಬ್ಬೊಬ್ಬರನ್ನು ಮಣ್ಣು ಮಾಡಿದಾಗಲೂ ಅದನ್ನೂ ಒಂದಿಷ್ಟು ಮಣ್ಣು ಮಾಡುತ್ತೇವೆ. ಇದೆಂಥ ಹುಚ್ಚು ಎಂದು ನಾನು ಅವಳ ಮುಖಕ್ಕೇ ಹೇಳಿದ್ದೆ. ಅವಳು ಕೇಳುವವಳಲ್ಲ.

ನನ್ನ ಕ್ಷೌರದಂಗಡಿ ಶಾಲೆಯ ಎದುರಿಗೇ ಇದೆ. ವಾರಕ್ಕೊಮ್ಮೆ ಅವಳ ಗ್ರೀಕೊ ಪಾಠ ಕಿಟಕಿಯಿಂದ ಕೇಳುತ್ತಿತ್ತು.

"ಊರಿಗೆ ಮೊದಲ ಟ್ರ್ಯಾಕ್ಟರ್ ಬಂದಾಗ ಅದಕ್ಕೆ ನಮ್ಮಲ್ಲಿ ಹೆಸರೇ ಇರ್ಲಿಲ್ಲ. ನಮ್ಮಜ್ಜ 'ಮೇವು ಕೇಳದ ಎತ್ತು' ಅಂದ್ರು. ಎಲ್ರೂ ನಕ್ಕರು, ಆಮೇಲೆ ಎಲ್ರೂ ಹಾಗೇ ಕರೆದ್ರು. ಹೇಳ್ತಾ ಹೇಳ್ತಾ ಎತ್ತು ಉದುರಿಹೋಯ್ತು, 'ಮೇವು ಕೇಳದ್ದು' ಅಂತಷ್ಟೇ ಉಳೀತು. ಮಾತು ಹುಟ್ಟೋದು ಹೀಗೆ, ಸವೆಯೋದೂ ಹೀಗೆ. ಈಗ ನೀವು ಹೇಳಿ, ಮೊಬೈಲಿಗೆ ಏನನ್ನೋಣ?"

ಒಬ್ಬ 'ಹರಟೆ ಡಬ್ಬಿ' ಅಂದ. ನೊಯೆಮಿ ಎಂಬ ಪುಟ್ಟ ಹುಡುಗಿ 'ಅಂಗೈ ಕಿಟಕಿ' ಅಂದಳು. ಎಲ್ಲರಿಗೂ ಅದೇ ಹಿಡಿಸಿತು.

ದೊನಾತಾ ಸಂಭ್ರಮದಿಂದ ಮನೆಗೆ ಹೋಗಿ ಹೇಳಿದರೆ ಅವಳ ತಾಯಿ ತೊಮ್ಮಾಸಜ್ಜಿ ಮೂಗು ಮುರಿದಳು. "ಶಾಲೇಲಿ ಗ್ರೀಕೊ ಆಡಿದ್ರೆ ನಮ್ಮ ಟೀಚರು ಕೈಮೇಲೆ ಬಾರಿಸ್ತಿದ್ಲು. ನೀನು ಅದಕ್ಕೇ ಸಂಬಳ ತಗೋತೀಯ. ಕಾಲ ಕೆಟ್ಟಿತು ಬಿಡೆ."

ಸಂಜೆಯಾದರೆ ತೊಮ್ಮಾಸಜ್ಜಿ, ಚೆಸಾರಿಯಜ್ಜಿ ಮತ್ತು ಅವರ ಓರಗೆಯವರೆಲ್ಲ ನನ್ನ ಅಂಗಡಿಯ ಪಕ್ಕ ಕುರ್ಚಿ ಹಾಕಿಕೊಂಡು ಬಾದಾಮಿ ಒಡೆಯುವರು. ಮಕ್ಕಳ ಜೊತೆ ಇಟಾಲಿಯನ್, ತಮ್ಮತಮ್ಮಲ್ಲಿ ಗ್ರೀಕೊ. ಯಾರ ಗಂಡ ಎಲ್ಲಿಗೆ ಹೋಗುತ್ತಾನೆ, ಯಾರ ಹೊಟ್ಟೆಯಲ್ಲಿ ಗಡ್ಡೆ ಬಂದಿದೆ, ಎಲ್ಲವೂ ಮಕ್ಕಳಿಗೆ ತಿಳಿಯದಂತೆ ಅವರ ತಲೆಯ ಮೇಲೇ ಹಾದುಹೋಗುವುದು. ನಾವೂ ನಮ್ಮ ಮಕ್ಕಳನ್ನು ಹಾಗೆಯೇ ಬೆಳೆಸಿದ್ದು. ಅದೊಂದು ಕೆಲಸಕ್ಕಾಗಿಯೇ ಗ್ರೀಕೊ ಇಷ್ಟು ದಿನ ಬದುಕಿತ್ತೆಂದು ಯಾರಿಗೂ ಹೊಳೆದಿರಲಿಲ್ಲ, ದೊನಾತಾಳಿಗಂತೂ ಮೊದಲೇ ಇಲ್ಲ.

ಒಂದು ಸಂಜೆ ನೊಯೆಮಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಬಾದಾಮಿ ತಿನ್ನುತ್ತಿದ್ದಳು.

"ಈ ಕೂಸಿನ ಅಪ್ಪನಿಗೆ ಪಕ್ಕದೂರಲ್ಲಿ ಒಬ್ಬಳಿದ್ದಾಳಂತಲ್ಲೇ. ದಿನಾ ಹೋಗ್ತಾನಂತೆ," ಎಂದಳು ಚೆಸಾರಿಯಜ್ಜಿ, ಗ್ರೀಕೊದಲ್ಲಿ.

"ದಿನಾ ಹೋಗಲ್ಲ ಅಜ್ಜಿ," ಎಂದಳು ನೊಯೆಮಿ, ಅವಳೂ ಗ್ರೀಕೊದಲ್ಲೇ. "ಹೋಗದಿದ್ದ ದಿನ ಅಂಗೈ ಕಿಟಕೀಲಿ ಅವಳ ಮುಖ ನೋಡ್ತಾನೆ. ಅಮ್ಮ ಅಡುಗೆಮನೇಲಿ ಅಳ್ತಾಳೆ."

ದೊನಾತಾ ಆಗಷ್ಟೇ ರೊಟ್ಟಿ ತೆಗೆದುಕೊಂಡು ಬರುತ್ತಿದ್ದಳು. ಬೀದಿಯಲ್ಲಿ 'ಅಂಗೈ ಕಿಟಕಿ' ಕಿವಿಗೆ ಬಿದ್ದೊಡನೆ ಅವಳ ಮುಖ ಅರಳಿದ್ದನ್ನು ನಾನು ಕಂಡೆ. ಏನು ಕೇಳಿದೆನೆಂದು ತಿಳಿಯಲು ಅವಳಿಗೆ ಇನ್ನೊಂದು ಗಳಿಗೆ ಬೇಕಾಯಿತು. ಪಾಪ, ಆ ಅರಳಿದ ಮುಖವನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದೆ ನಿಂತಳು.

ಮುದುಕಿಯರು ಶಿಲುಬೆಯ ಗುರುತು ಮಾಡಿಕೊಂಡರು. ಒಬ್ಬಳು ಇಟಾಲಿಯನ್‌ನಲ್ಲಿ "ಇವತ್ತು ಗಾಳಿಯೇ ಇಲ್ಲ" ಎಂದಳು.

"ನಮಗಿದ್ದದ್ದು ಅದೊಂದೇ ಮರೆ," ಎಂದು ತೊಮ್ಮಾಸಜ್ಜಿ ಮಗಳಿಗೆ ಹೇಳಿದಳು. "ಅದನ್ನೂ ಮಕ್ಕಳ ಕೈಗೆ ಕೊಟ್ಟುಬಿಟ್ಟೆಯಲ್ಲೇ."

ಮಾರನೆಯ ದಿನವೇ ಕುರ್ಚಿಗಳು ಒಳಗೆ ಹೋದವು. ನೊಯೆಮಿಯ ತಾಯಿ ಮಗಳನ್ನು ಪಾಠದಿಂದ ಬಿಡಿಸಿದಳು, ಅವಳ ಹಿಂದೆಯೇ ಉಳಿದವರೂ ಬಿಟ್ಟರು. ತೊಮ್ಮಾಸಜ್ಜಿ ಮಗಳ ಜೊತೆ ಗ್ರೀಕೊ ಆಡುವುದನ್ನೇ ನಿಲ್ಲಿಸಿದಳು. ಕೇಳಿದರೆ, "ನಿನ್ನ ಹತ್ರ ಆಡಿದ್ದು ನಾಳೆ ಶಾಲೇಲಿರುತ್ತೆ" ಎನ್ನುವಳು, ಇಟಾಲಿಯನ್‌ನಲ್ಲಿ.

ಆ ಚಳಿಗಾಲ ಮುದುಕಿ ಹಾಸಿಗೆ ಹಿಡಿದಳು. ನೋಡಿಬರಲು ಹೋದಾಗ ನನ್ನೆದುರಿಗೇ ನೀರು ಕೇಳಿದಳು, ಇಟಾಲಿಯನ್‌ನಲ್ಲೇ.

"ತರ್ತೀನಮ್ಮ," ಎಂದಳು ದೊನಾತಾ ಗ್ರೀಕೊದಲ್ಲಿ.

ಮುದುಕಿ ಒಂದಕ್ಷರವೂ ಅರ್ಥವಾಗದವಳಂತೆ ಮಗಳ ಮುಖ ನೋಡಿ, ನೀರು ಬೇಕೆಂದು ಕೈಸನ್ನೆ ಮಾಡಿದಳು.