ಕತ್ತರಿಸಿದ ಅರ್ಧ ನಿಮಿಷ

ಇವತ್ತು ಲಿನ್‌ವುಡ್‌ಗೆ ಹೋಗುವ ಟ್ರೇನಿನಲ್ಲಿ ಪಕ್ಕದಾಕೆ ಬ್ಯಾಗಿನ ಜಿಪ್ ಸರ್ರನೆ ಎಳೆದಳು. ಲಿಪ್‌ಸ್ಟಿಕ್ ತೆಗೆಯಲು, ಅಷ್ಟೇ. ನನ್ನ ಎರಡೂ ಕೈ ತಾವಾಗಿಯೇ ಮಡಿಲಿನಿಂದ ಮೇಲೆದ್ದವು. ನಗಬೇಡಿ, ಕಾರಣ ಹೇಳುತ್ತೇನೆ.

ಡೆಲೋರಿಸ್ ಯಾವ ಸ್ಟುಡಿಯೋದ ಹಂಗೂ ಇಲ್ಲದೆ ತಮ್ಮ ಕೇರಿಯ ಕಪ್ಪು ಜನರ ಬದುಕನ್ನು ಚಿತ್ರಿಸುವ ಕಪ್ಪು ನಿರ್ದೇಶಕಿ. ಶನಿವಾರ ಬೆಳಿಗ್ಗೆ ಚರ್ಚಿನ ಹಾಲ್‌ನಲ್ಲಿ ಅಲ್ಲಿನ ಅಜ್ಜ ಅಜ್ಜಿಯರಿಗೆ ಕ್ಯಾಮೆರಾ ಹಿಡಿಯಲು ಕಲಿಸುತ್ತಾರೆ. ನಾನು ಅವರ ಮೈಕಿನ ಕೋಲು ಹಿಡಿಯುವ ಸ್ವಯಂಸೇವಕಿ. ಆಫೀಸಿನಲ್ಲಿ ಕೂತು ಬಂದ ಬೆನ್ನುನೋವಿಗೆ ಇದು ಮದ್ದಲ್ಲವೆಂದು ಗೊತ್ತಿದ್ದೂ. ಅವರದೊಂದು ಕಟ್ಟುನಿಟ್ಟು: ಚಿತ್ರದಲ್ಲಿರುವವರೇ ಅದನ್ನು ಮೊದಲು ನೋಡಬೇಕು, ಅವರಲ್ಲಿ ಯಾರು ಬೇಡವೆಂದರೂ ಆ ಭಾಗ ಹೋಗಬೇಕು. "ಫಿಲ್ಮ್ ನಂದು, ಮುಖ ಅವರದು" ಎನ್ನುತ್ತಾರೆ. ಒಬ್ಬ ಅಜ್ಜಿ ತನ್ನ ವಿಗ್ ಸೊಟ್ಟಗಿದೆಯೆಂದು ಇಡೀ ದಿನದ ಕೆಲಸವನ್ನೇ ತೆಗೆಸಿದ್ದುಂಟು.

ಒಂದು ದಿನ ಮುಚ್ಚಿದ ಕ್ಷೌರದಂಗಡಿಯೊಂದರ ಮುಂದೆ ಚಿತ್ರೀಕರಣ. ಯಾರೋ ಫೋನ್ ಮಾಡಿದ್ದರಿಂದ ಪೊಲೀಸಿನವನೊಬ್ಬ ಬಂದ. ಕಾಗದಪತ್ರ ಸರಿಯಿದ್ದರೆ ಎಲ್ಲವೂ ಸರಿ ಎಂದು ನಂಬಿದವಳು ನಾನು. ವೀಸಾ ಫೈಲನ್ನು ಕೂಸಿನ ಹಾಗೆ ಎದೆಗವಚಿಕೊಂಡು ತಿರುಗಿದವಳು. "ಪರ್ಮಿಟ್ ಇದೆ ಸರ್!" ಎನ್ನುತ್ತ ಡೆಲೋರಿಸ್ ಹೆಗಲಲ್ಲಿದ್ದ ಬ್ಯಾಗಿನ ಜಿಪ್ ಎಳೆದು ಒಳಗೆ ಕೈ ತೂರಿಸಿದೆ. ಪೊಲೀಸಿನವನ ಪಿಸ್ತೂಲು ಹೊರಬಂತು. ತಪ್ಪು ಮಾಡಿದ್ದು ನನ್ನ ಕೈ. ಪಿಸ್ತೂಲು ತಿರುಗಿದ್ದು ಅವರ ಕಡೆಗೆ.

ಅವರು ಎರಡೂ ಕೈ ಎತ್ತಿ, ನನ್ನತ್ತ ತಿರುಗದೆ, ಮೆಲ್ಲಗೆ ಹೇಳಿದರು: "ನಿಧಾನಕ್ಕೆ ಕೈ ತೆಗಿ, ಬೇಬಿ. ಖಾಲಿ ಕೈ. ಹಾಂ, ಹಾಗೇ."

ಪರ್ಮಿಟ್ ನೋಡಿ ಅವನು ಹೊರಟುಹೋದ. ಕ್ಯಾಮೆರಾ ಓಡುತ್ತಲೇ ಇತ್ತು.

"ತೆಗೆಸ್ಬಿಡು ಕಣೇ, ನಿಮ್ ಆಫೀಸ್‌ನೋರು ನೋಡಿದ್ರೆ?" ಎಂದ ನನ್ನ ಗಂಡ. ನನಗೂ ಅದೇ ಬೇಕಿತ್ತು. ಆದರೆ ಹಾಲ್‌ನಲ್ಲಿ ಆ ಅರ್ಧ ನಿಮಿಷ ಓಡಿದಾಗ ನನ್ನ ಕಣ್ಣು ಡೆಲೋರಿಸ್ ಎತ್ತಿದ ಬೆರಳುಗಳ ಮೇಲೇ ನಿಂತಿತು. ಅವು ನಡುಗುತ್ತಿದ್ದವು. ಅವತ್ತು ಆ ದನಿ ಕೇಳಿ ಇವರಿಗೆ ಭಯವೇ ಇಲ್ಲ ಎಂದುಕೊಂಡಿದ್ದೆ.

"ಇಡ್ಲಾ, ತೆಗೀಲಾ?" ಎಂದು ನನ್ನನ್ನು ಕೇಳಿದರು.

"ಅದ್ರಲ್ಲಿ ನಿಮ್ಮ ಮುಖಾನೂ ಇದೆಯಲ್ಲ. ನಿಮ್ಗೇನು ಬೇಕು?"

ಎಲ್ಲರನ್ನೂ ಕೇಳುವ ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲವೇನೋ. "ತೆಗೀತೀನಿ. ಇಟ್ರೆ ಇದನ್ನ ನಮ್ಮಮ್ಮ ನೋಡ್ತಾಳೆ."

ಈ ವಾರ ಚಿತ್ರ ಪೂರ್ತಿಯಾಯಿತು. ನಡೆದದ್ದನ್ನು ಬರೆಯಲೇ ಎಂದು ಕೇಳಿದೆ. "ನಿನ್ನ ಭಾಷೇಲಿ ಬರಿ, ಅಮ್ಮಂಗೆ ಓದೋಕಾಗಲ್ಲ" ಎಂದು ನಕ್ಕರು.

ಚಿತ್ರದಲ್ಲಿಲ್ಲದ ಅರ್ಧ ನಿಮಿಷ ನನ್ನ ತಲೆಯೊಳಗೆ ದಿನವೂ ಓಡುತ್ತದೆ. ನಿಲ್ಲಿಸುವ ದಾರಿ ಹುಡುಕುತ್ತಿದ್ದೆ. ಈಗ ಹುಡುಕುವುದನ್ನು ಬಿಟ್ಟಿದ್ದೇನೆ. ಅದನ್ನು ಡೆಲೋರಿಸ್ ಒಬ್ಬರೇ ನೋಡುತ್ತಿರಬಾರದು.