ಏಳುಮಣೆ

ಬಹಳ ದಿನ ಮುಚ್ಚಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ನಾಲ್ಕು ವರ್ಷ ನಾನು ನೆಲದ ಮೇಲೆ ಕೂತಿರಲಿಲ್ಲ. ಕೂರಲು ಆಗುತ್ತಿರಲಿಲ್ಲ ಅಂತಲ್ಲ. ಕೂರುವುದಕ್ಕೆ ಭೂಮಿಯೇ ಸಹಾಯ ಮಾಡುತ್ತದೆ, ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಏಳಲು ಆಗುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಹೋದರೆ ಜಮಖಾನ ಹಾಸಿದ ಕಡೆ ಸುಳಿಯದೆ, ಗಾಳಿ ಬೇಕು ಅನ್ನುತ್ತ ಬಾಗಿಲ ಬಳಿಯ ಕುರ್ಚಿ ಹಿಡಿಯುತ್ತಿದ್ದೆ. ಅರಿಶಿನ ಕುಂಕುಮಕ್ಕೆ ಕರೆದರೆ ಇನ್ನೊಂದು ಮನೆಗೆ ಹೋಗುವುದಿದೆ ಎಂದು ನಿಂತೇ ತೆಗೆದುಕೊಂಡು ಬರುತ್ತಿದ್ದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳಿಗೆ ಒಂದು ನೆಪದಿಂದ ಇನ್ನೊಂದನ್ನು ಸಾಧಿಸಿ ತೋರಿಸುವುದು ಕಷ್ಟವಲ್ಲ.

ಆ ನಾಲ್ಕು ವರ್ಷದಲ್ಲಿ ಕೂತದ್ದು ಒಂದೇ ಸಲ. ಒಂದು ಮಧ್ಯಾಹ್ನ ಮಾತ್ರೆ ಡಬ್ಬಿಯ ಮುಚ್ಚಳ ಉರುಳಿಕೊಂಡು ಊಟದ ಮೇಜಿನ ಕೆಳಗೆ ಹೋಯಿತು. ಬಗ್ಗಿದೆ, ಮೊಣಕಾಲೂರಿದೆ, ಕೂತೇಬಿಟ್ಟೆ. ಯಜಮಾನರು ಪೇಟೆಗೆ ಹೋಗಿದ್ದರು. ಏಳಲು ನೋಡಿದರೆ ಮೊಣಕಾಲು ಬೇರೆ ಯಾರದೋ ಅನ್ನುವಂತಿತ್ತು. ಮುಕ್ಕಾಲು ಗಂಟೆ ಆ ಮೇಜಿನ ಕೆಳಗಿದ್ದೆ. ಇಪ್ಪತ್ತು ವರ್ಷದಿಂದ ಅದರ ಮೇಲೆ ಉಂಡಿದ್ದರೂ ಅದರ ಅಡಿಯನ್ನು ನೋಡಿದ್ದು ಅದೇ ಮೊದಲು. ಬಡಗಿ ಅಲ್ಲಿ ಪೆನ್ಸಿಲ್ಲಿನಿಂದ ಅಳತೆಯ ಲೆಕ್ಕ ಹಾಕಿದ್ದ. ಒಂದು ಕಡೆ ವ್ಯವಕಲನ ತಪ್ಪಿತ್ತು. ಕೊನೆಗೆ ಕೂತಂತೆಯೇ ಜರುಗುತ್ತ ಜರುಗುತ್ತ ಕೋಣೆಗೆ ಹೋಗಿ, ಮಂಚದ ಕಾಲು ಹಿಡಿದು ಎದ್ದೆ. ಯಜಮಾನರು ಬಂದವರು, "ಏನು ಮಾಡ್ತಿದ್ದೆ?" ಅಂದರು. "ಯಾರದೋ ಲೆಕ್ಕ ತಿದ್ದುತ್ತಿದ್ದೆ" ಅಂದೆ. ಸುಳ್ಳೇನಲ್ಲ.

ನಮ್ಮ ಭಾಷೆಗೆ ಏಳುವುದರ ಬೆಲೆ ಚೆನ್ನಾಗಿ ಗೊತ್ತಿದೆ. ಸಂಸಾರ ಮುಂದೆ ಬಂದರೆ ಏಳಿಗೆ ಅನ್ನುತ್ತೇವೆ. ಬದುಕನ್ನು ಏಳುಬೀಳು ಅನ್ನುತ್ತೇವೆ. ಬೀಳದವನು ಏಳುವುದು ಹೇಗೆ ಎಂಬ ತರ್ಕ ಹಿರಿಯರಿಗೆ ಅಡ್ಡ ಬರಲಿಲ್ಲ, ಏಳುವುದನ್ನೇ ಮುಂದಿಟ್ಟರು. ಬೆಳಿಗ್ಗೆ ಎದುರುಮನೆಯವರು ಕೇಳುವ ಮೊದಲ ಮಾತು "ಎದ್ರಾ?" ಎಂದು. ಅದೊಂದು ಗಂಭೀರವಾದ ಪ್ರಶ್ನೆ ಎನ್ನುವುದು ನನಗೆ ಅರವತ್ತೆಂಟು ದಾಟಿದ ಮೇಲೆ ತಿಳಿಯಿತು.

ಇಂಥ ದಿನಗಳಲ್ಲಿ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ರೇಣುಕಾ ಬಂದಳು. ಊರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಜೊತೆಗೆ ಸಂಶೋಧನೆಯನ್ನೂ ಮಾಡುವವಳು. ಹುಟ್ಟೂರು ಹರಿಹರ ತಾಲ್ಲೂಕಿನ ಕೊಕ್ಕನೂರು. ಭತ್ತದ ಹೊಟ್ಟನ್ನು ಪುಡಿ ಮಾಡಿ, ಅಂಟು ಬೆರೆಸಿ, ಬಿಸಿಯಲ್ಲಿ ಒತ್ತಿ ಮರದಂಥ ಹಲಗೆ ಮಾಡುವುದು ಅವಳ ಕೆಲಸ. ನಮ್ಮ ದಾವಣಗೆರೆಯಲ್ಲಿ ಹೊಟ್ಟು ಅಂದರೆ ಮಂಡಕ್ಕಿ ಭಟ್ಟಿಯ ಉರಿ. ಅದರಿಂದ ಹೊಗೆ ಬರುವುದನ್ನು ನೋಡುತ್ತಲೇ ಬೆಳೆದವಳು ನಾನು, ಹಲಗೆ ಬರುವುದನ್ನು ಕಂಡಿರಲಿಲ್ಲ. ಆ ಹಲಗೆಯಿಂದ, ವಯಸ್ಸಾದವರು ಕುರ್ಚಿಯಿಂದ ಸಲೀಸಾಗಿ ಏಳುವುದಕ್ಕೆ ಒಂದು ಆಸರೆ ಮಾಡಬೇಕು ಎಂದು ಅವಳು ಮನೆಮನೆ ತಿರುಗಿ ನಮ್ಮಂಥವರನ್ನು ಹುಡುಕುತ್ತಿದ್ದಳು.

ಅವತ್ತು ನನ್ನ ಗೆಳತಿ ಖೈರುನ್ನೀಸಾ ಕೂಡ ಮನೆಯಲ್ಲಿದ್ದಳು. ಆನೆಕೊಂಡದಲ್ಲಿ ಅವಳ ಮನೆ. ನಲವತ್ತು ವರ್ಷ ನನ್ನ ರವಿಕೆಗಳನ್ನೆಲ್ಲ ಹೊಲಿದವಳು. ನನ್ನ ಅಳತೆ ಹೇಗೆ ಹೇಗೆ ಬೆಳೆಯಿತು ಎನ್ನುವುದರ ಪೂರ್ತಿ ಇತಿಹಾಸ ಅವಳೊಬ್ಬಳಿಗೆ ಗೊತ್ತು, ಹೊರಗೆ ಬಿಟ್ಟುಕೊಟ್ಟಿಲ್ಲ. ರೇಣುಕಾ ಸ್ಟಾಪ್‌ವಾಚ್ ಹಿಡಿದು, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿದಳು. ನಾನು ಎದ್ದೆ, ಕೂತೆ. ಖೈರುನ್ನೀಸಾ ನನಗಿಂತ ಬೇಗ ಎದ್ದಳು, ಕೂತಳು. ರೇಣುಕಾ ಖುಷಿಯಿಂದ ಬರೆದುಕೊಂಡಳು. ಆಗ ಖೈರುನ್ನೀಸಾ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ಹೇಳಿದಳು:

"ಬೇಟಿ, ಒಂದು ಮಾತು ಹೇಳ್ಲಾ? ಕುರ್ಚಿ ನಮ್ಮ ತಕರಾರಲ್ಲ. ನೆಲ ನಮ್ಮ ತಕರಾರು."

"ಹೆಂಗೆ ಅಮ್ಮ?"

"ಎರಡು ವರ್ಷ ಆತು, ನಾನು ಕುರ್ಚಿ ಮೇಲೆ ಕೂತು ನಮಾಜ್ ಓದ್ತೀನಿ. ಮೌಲ್ವಿ ಸಾಹೇಬ್ರನ್ನ ಕೇಳಿದೆ. ನಡೀತದೆ ಅಂದ್ರು. ಅಲ್ಲಾಗೆ ನಡೀತದೆ, ಬೇಟಿ. ನನಗೆ ನಡೆಯಂಗಿಲ್ಲ. ಹಣೆ ನೆಲಕ್ಕೆ ಹಚ್ಚದಿದ್ರೆ ಹೇಳಿದ್ದು ಹೇಳ್ದಂಗೇ ಆಗಲ್ಲ."

ಆ ಕ್ಷಣದಲ್ಲೇ ನಾನೂ ಮೇಜಿನ ಕೆಳಗಿನ ಕಥೆ ಹೇಳಿಬಿಟ್ಟೆ. ಗಂಡನಿಗೂ ಹೇಳದ್ದನ್ನು ಸ್ಟಾಪ್‌ವಾಚ್ ಹಿಡಿದ ಅಪರಿಚಿತ ಹುಡುಗಿಗೆ ಹೇಳಿದೆ. ಅವಳು ನಗಲಿಲ್ಲ, ಅಯ್ಯೋ ಪಾಪ ಅನ್ನಲೂ ಇಲ್ಲ. ವಾಚನ್ನು ಚೀಲಕ್ಕೆ ಹಾಕಿದಳು. "ಹಂಗಾದ್ರೆ ಇಷ್ಟು ದಿನ ನಾನು ತಪ್ಪು ಪ್ರಶ್ನೆ ಕೇಳ್ತಾ ಇದ್ದೆ ಅನ್ರಿ" ಅಂದಳು.

ಕ್ಲಾಸಿನಲ್ಲಿ ತಪ್ಪು ಉತ್ತರ ಒಪ್ಪಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ತಪ್ಪು ಪ್ರಶ್ನೆ ಒಪ್ಪಿಕೊಂಡವರನ್ನು ನೋಡಿದ್ದು ಅದೇ ಮೊದಲು. ನಾನೂ ಎಷ್ಟೋ ಪ್ರಶ್ನೆಪತ್ರಿಕೆಗಳನ್ನು ತೆಗೆದಿದ್ದೇನೆ. ಒಂದರಲ್ಲೂ ಒಪ್ಪಿಕೊಂಡ ನೆನಪಿಲ್ಲ.

ಎರಡು ತಿಂಗಳು ಕಳೆದ ಮೇಲೆ ರೇಣುಕಾ ಹೊಸದೊಂದನ್ನು ತಂದಳು. ಮೊಣಕಾಲೆತ್ತರದ, ಎರಡು ಕಡೆ ಹಿಡಿಕೆ ಇರುವ ಪುಟ್ಟ ಮಣೆ. ಕಾಲುಗಳಲ್ಲಿ ಸಾಲಾಗಿ ತೂತುಗಳಿದ್ದವು; ಬೋಲ್ಟ್ ಬದಲಿಸಿ ಎತ್ತರ ಹೆಚ್ಚು ಕಡಿಮೆ ಮಾಡಬಹುದು. ನೆಲದಲ್ಲಿ ಕೂತವರು ಅದನ್ನು ಮುಂದಿಟ್ಟುಕೊಂಡು, ಎರಡೂ ಕೈಯೂರಿ, ಒಂದು ಪಾದ ನೆಲಕ್ಕೆ ತಂದು, ಆಮೇಲೆ ಇನ್ನೊಂದು ತಂದು ಮೇಲೇಳಬೇಕು. ಅದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಸಾಲು ಉದ್ದದ ಹೆಸರಿತ್ತು. ಈಳಿಗೆಮಣೆ ಇರುವ ಭಾಷೆಯಲ್ಲಿ ಏಳುಮಣೆ ಇದ್ದರೆ ತಪ್ಪೇನು ಎಂದು ನಾನು ಕೇಳಿದೆ. ಹೆಸರು ನಿಂತಿತು. ವಿಜ್ಞಾನಕ್ಕೆ ನನ್ನ ಕೊಡುಗೆ ಅಷ್ಟು. ಒಂದನ್ನು ನನಗೆ ಕೊಟ್ಟಳು, ಒಂದನ್ನು ಖೈರುನ್ನೀಸಾಗೆ, ಇನ್ನು ಕೆಲವನ್ನು ಬೇರೆ ಬೇರೆ ಬೀದಿಯ ಹಿರಿಯರಿಗೆ.

ಹದಿನೈದು ದಿನ ಎಲ್ಲ ಚೆನ್ನಾಗಿತ್ತು. ಹದಿನಾರನೆಯ ದಿನ ಖೈರುನ್ನೀಸಾಳ ಮಗ ಸಾದಿಕ್ ಫೋನ್ ಮಾಡಿದ. ನಮಾಜ್ ಮುಗಿಸಿ ಅವನ ತಾಯಿ ಏಳುತ್ತಿದ್ದಾಗ ಹಿಡಿಕೆ ಕಿತ್ತು ಬಂದು ಪಕ್ಕಕ್ಕೆ ಬಿದ್ದಿದ್ದಳು. ನಾನು ಆಟೋ ಹಿಡಿದು ಆನೆಕೊಂಡಕ್ಕೆ ಹೋಗುವ ಹೊತ್ತಿಗೆ ರೇಣುಕಾ ಅಲ್ಲಿದ್ದಳು. ಮೂಳೆ ಮುರಿದಿಲ್ಲ ಎಂದು ಡಾಕ್ಟರು ಹೇಳಿದ್ದರು; ಮಣಿಕಟ್ಟು ಮಾತ್ರ ಊದಿತ್ತು. ಸಾದಿಕ್‌ನ ಸಿಟ್ಟು ಇಳಿದಿರಲಿಲ್ಲ.

"ಪ್ರಯೋಗ ಮಾಡಕ್ಕೆ ನಮ್ಮಮ್ಮನೇ ಬೇಕಿತ್ತೇನ್ರಿ ಮೇಡಂ? ಸೊಂಟ ಮುರಿದಿದ್ರೆ?"

ಅಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಏನನ್ನುತ್ತೇವೆ? ಹಾಗಲ್ಲ, ಹೀಗೆ ಹಿಡಿಯಬೇಕಿತ್ತು, ಕಾಗದದಲ್ಲಿ ಬರೆದುಕೊಟ್ಟಿದ್ದೆ ಅನ್ನುತ್ತೇವೆ. ರೇಣುಕಾ ಮುರಿದ ಹಿಡಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. "ತಪ್ಪು ನಂದೈತೆ ಸಾದಿಕ್. ಅಮ್ಮಂದಲ್ಲ. ಕೊಟ್ಟಿರೋದನ್ನೆಲ್ಲ ಇವತ್ತೇ ವಾಪಸ್ ತರಿಸ್ತೀನಿ. ಕಾಲೇಜಿನಾಗೆ ಹಿಂಗಾತು ಅಂತ ನಾನೇ ಬರೆದು ಕೊಡ್ತೀನಿ. ಈ ಕೆಲಸ ನಿಲ್ಲಿಸ್ರಿ ಅಂದ್ರೆ ನಿಲ್ಲಿಸ್ತೀನಿ" ಅಂದಳು. ಅವಳ ಧ್ವನಿ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ.

ಇಲ್ಲಿಯತನಕ ಅವಳು, ಬಂದಳು ಎಂದು ಬರೆದೆ. ನನ್ನ ಮೊದಲ ವರ್ಷದ ಶಿಷ್ಯರ ಮಕ್ಕಳ ವಯಸ್ಸು ಆಕೆಗೆ. ಇಲ್ಲಿಂದ ಮುಂದೆ ಬಹುವಚನದಲ್ಲೇ ಬರೆಯುತ್ತೇನೆ. ಕನ್ನಡದಲ್ಲಿ ಈ ಒಂದು ಅನುಕೂಲ ಇದೆ, ಬಳಸದಿದ್ದರೆ ಹೇಗೆ?

ರೇಣುಕಾ ಅವರು ಹೇಳಿದಂತೆಯೇ ಮಾಡಿದರು. ಸಂಜೆಯೊಳಗೆ ಮಣೆಗಳೆಲ್ಲ ವಾಪಸ್ ಹೋದವು. ಕೆಲಸ ನಿಂತಿತು. ಹಲಗೆ ಮುರಿದದ್ದು ಯಾಕೆ ಎನ್ನುವುದು ಅವರಿಗೆ ಗೊತ್ತಾಗಲಿಲ್ಲ. ಪ್ರಯೋಗಾಲಯದಲ್ಲಿ ಅದರ ಮೇಲೆ ನನ್ನಂಥ ಇಬ್ಬರ ಭಾರ ಹೇರಿ ನೋಡಿದ್ದರು, ಹಲಗೆಯನ್ನು ನೀರಿನಲ್ಲೂ ಅದ್ದಿ ನೋಡಿದ್ದರು. ಮೂರು ವಾರ ಕಳೆದ ಮೇಲೆ, ಕೈ ಹೇಗಿದೆ ಎಂದು ವಿಚಾರಿಸಲು ಮತ್ತೆ ಖೈರುನ್ನೀಸಾಳ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಖೈರುನ್ನೀಸಾ ಅವರ ಚೀಲದಲ್ಲಿದ್ದ ಮುರಿದ ತುಂಡನ್ನು ಕೇಳಿ ತೆಗೆದುಕೊಂಡು, ಕನ್ನಡಕ ಏರಿಸಿ, ಸೂಜಿಗೆ ದಾರ ಪೋಣಿಸುವವಳ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ಹಿಡಿಕೆ ಕೂರಿಸಿದ್ದ ಬೋಲ್ಟಿನ ತೂತಿನ ಸುತ್ತ ಹಲಗೆ ಉಬ್ಬಿ, ಒದ್ದೆ ಬಿಸ್ಕತ್ತಿನಂತೆ ಉದುರುತ್ತಿತ್ತು.

"ನಮಾಜ್‌ಗೆ ಮುಂಚೆ ವಜೂ ಮಾಡ್ತೀವಿ, ಕೈ ಕಾಲು ಮುಖ ತೊಳೀತೀವಿ. ದಿನಕ್ಕೆ ಐದು ಸಲ ಒದ್ದೆ ಕೈಯಾಗೆ ಇದನ್ನ ಹಿಡ್ಕೊಂಡೀನಿ. ನೀರು ಇಲ್ಲಿಂದ ಒಳಗೆ ಹೋಗೈತೆ. ಬೇಟಿ, ರವಿಕೆಗೆ ಗುಂಡಿ ಹಾಕಕ್ಕೆ ತೂತು ಮಾಡ್ತೀವಲ್ಲ, ಅದರ ಸುತ್ತ ಕಾಜಾ ಹೊಲೀಬೇಕು. ಬಟ್ಟೆ ಎಷ್ಟೇ ಗಟ್ಟಿ ಇರ್ಲಿ, ಕಾಜಾ ಹೊಲೀದಿದ್ರೆ ತೂತಿನ ಅಂಚು ಬಿಚ್ಕೊಂಡು ಹೋಗ್ತದೆ. ನೀನು ತೂತು ಮಾಡೀದಿ, ಕಾಜಾ ಮರ್ತೀದಿ."

ರೇಣುಕಾ ಅವರು ತುಂಡನ್ನು ಇಸಿದುಕೊಂಡು ನೋಡಿದರು. ಹಲಗೆಯ ಮೈಗೆಲ್ಲ ನೀರು ತಡೆಯುವ ಲೇಪ ಇತ್ತು. ಆಮೇಲೆ ಕೊರೆದ ತೂತಿನ ಒಳಗೋಡೆಗೆ ಮಾತ್ರ ಇರಲಿಲ್ಲ. "ಅಮ್ಮ, ಇನ್ನೊಂದು ಸಲ ಹೇಳ್ರಿ" ಎಂದು ಪುಸ್ತಕ ತೆಗೆದರು. ಖೈರುನ್ನೀಸಾ ಹೇಳಿದಳು, ಅವರು ಅವಳ ಮಾತಿನಲ್ಲೇ ಬರೆದುಕೊಂಡರು. ಓದಿದವರು ಓದದವರ ಮಾತನ್ನು ಕೇಳಿಸಿಕೊಳ್ಳುವುದುಂಟು. ಬರೆದುಕೊಳ್ಳುವುದು ಅಪರೂಪ.

ಹೊಸ ಮಣೆಯ ಪ್ರತಿ ತೂತಿನ ಒಳಗೂ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಮಾಡಿದ ಲೇಪ ಹಚ್ಚಿ ಗಟ್ಟಿಯಾಗಿಸಿದರು. ವಾರಗಟ್ಟಲೆ ಅದನ್ನು ಒದ್ದೆ ಮಾಡಿ ಒಣಗಿಸಿ, ಮತ್ತೆ ಒದ್ದೆ ಮಾಡಿ, ಭಾರ ಹೇರಿ ನೋಡಿದರು. ಆ ಹಂತಕ್ಕೆ ಕಾಲೇಜಿನ ಹುಡುಗರು ಕಾಜಾ ಟೆಸ್ಟ್ ಎಂದೇ ಹೆಸರಿಟ್ಟರಂತೆ. ಕಾಲೇಜಿನವರು ಎಲ್ಲ ನೋಡಿ ಒಪ್ಪಿಗೆ ಕೊಟ್ಟ ಮೇಲೆ ರೇಣುಕಾ ಅವರು ಅದನ್ನು ತಾವೇ ಆನೆಕೊಂಡಕ್ಕೆ ತಂದು, ಮೊದಲು ಸಾದಿಕ್‌ನ ಎದುರಿಗೆ ಇಟ್ಟರು. ಅವನು ಅದರ ಮೇಲೆ ಹತ್ತಿ ನಿಂತ. ಒಂದು ಹಾರು ಹಾರಿದ. ತೂತಿಗೆ ನೀರು ಸುರಿದು ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿ, "ನಿನಗೆ ಧೈರ್ಯ ಐತೇನಮ್ಮ?" ಅಂದ.

"ಕಾಜಾ ನಂದೇ ಅಲ್ಲೇನೋ" ಅಂದಳು ಖೈರುನ್ನೀಸಾ.

ನಾವು ಹೊರಗಿನ ಜಗುಲಿಯಲ್ಲಿ ಕಾದೆವು. ರೇಣುಕಾ ಅವರು ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ಒಳಗಿನಿಂದ ಸದ್ದಿಲ್ಲ. ನಾನು ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡೆ. ನನ್ನ ಪ್ರಾರ್ಥನೆಗಳು ಆ ತರಹದವು. ಹದಿನೇಳರ ಮಗ್ಗಿಯಲ್ಲಿರುವಾಗ ಖೈರುನ್ನೀಸಾ ತನ್ನ ಕಾಲಮೇಲೆ ತಾನು ನಡೆದುಕೊಂಡು ಬಾಗಿಲಿಗೆ ಬಂದಳು. ಹಣೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ರೇಣುಕಾ ಅವರ ತಲೆಯ ಮೇಲೆ ಒಂದು ಕೈ ಇಟ್ಟು, ಬಹಳ ಹೊತ್ತು ಹಾಗೇ ನಿಂತಳು. ಸಾದಿಕ್ ಚಹಾ ತರುತ್ತೇನೆಂದು ಒಳಗೆ ಹೋದವನು ಬೇಗ ಹೊರಗೆ ಬರಲಿಲ್ಲ.

ನನಗೂ ಹೊಸ ಮಣೆ ಬಂತು. ತಿಂಗಳಿಗೊಂದು ತೂತಿನಂತೆ ರೇಣುಕಾ ಅವರು ನಮ್ಮ ಮಣೆಗಳ ಎತ್ತರ ಇಳಿಸುತ್ತ ಬಂದರು. ಕಾಲಿಗೆ ಬಲ ಬರಲಿ, ಆಸರೆ ಬೇಡವಾಗುತ್ತ ಹೋಗಲಿ ಎಂಬ ಲೆಕ್ಕ. ಮಣೆ ಕುಳ್ಳಗಾದಷ್ಟೂ ನಾವು ಎತ್ತರವಾದೆವು. ಕೊನೆಯ ತೂತಿಗೆ ಬಂದ ತಿಂಗಳು, ನಮ್ಮಿಬ್ಬರನ್ನೂ ಅವರು ಕೊಕ್ಕನೂರಿಗೆ ಕರೆದುಕೊಂಡು ಹೋದರು. ಹರಿಹರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಗದ್ದೆ. ನಮ್ಮ ಮಣೆಗಳು ಅಲ್ಲಿ ಇನ್ನೂ ಹಸಿರಾಗಿ ನಿಂತಿದ್ದವು.

ಎಂಬತ್ತು ದಾಟಿದ ಅವರ ಅಜ್ಜಿ ಪಡಸಾಲೆಯ ನೆಲದಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಮ್ಮನ್ನು ಕಂಡದ್ದೇ, "ಬರ್ರಿ, ಕೂಡ್ರಿ" ಎಂದು, ಯಾವುದನ್ನೂ ಹಿಡಿಯದೆ, ಏನೂ ಆಗಿಲ್ಲವೆಂಬಂತೆ ಎದ್ದು ನಿಂತರು. ನಾನೂ ಖೈರುನ್ನೀಸಾಳೂ ಮುಖ ಮುಖ ನೋಡಿಕೊಂಡೆವು. ಮೊಮ್ಮಗಳು ಮಣೆಯನ್ನು ಮುಂದಿಟ್ಟು, ಇದು ಭತ್ತದ ಹೊಟ್ಟಿನದು, ನೆಲದಿಂದ ಏಳಕ್ಕೆ ಎಂದು ವಿವರಿಸಿದರು. ಅಜ್ಜಿ ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ಹೊಟ್ಟು ಗಟ್ಟಿಯಾತು, ಮಂದಿ ಮೆತ್ತಗಾದ್ರು" ಅಂದರು.

ರೇಣುಕಾ ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಆಮೇಲೆ ಅಜ್ಜಿಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, "ಅಜ್ಜಿ, ದಿನಕ್ಕೆ ಎಷ್ಟು ಸಲ ಹಿಂಗೆ ಕೂತು ಏಳ್ತಿ?" ಎಂದು ಕೇಳಿದರು.

"ಅದನ್ನ ಯಾರು ಎಣಿಸ್ತಾರೆ?"

"ನಾನು ಎಣಿಸ್ತೀನಿ" ಎಂದು ಅವರು ಅಜ್ಜಿಯ ಪಕ್ಕ ಗೋಡೆಗೆ ಒರಗಿ ಕೂತರು, ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳಿಟ್ಟುಕೊಂಡು. ಅಜ್ಜಿ ಮೊದಲು ಬೈದರು. ನೀರು ತರಲು ಎದ್ದರು, ಬಂದು ಕೂತರು. ಬೆಲ್ಲ ತರಲು ಎದ್ದರು, ಕೂತರು. ಮೊಮ್ಮಗಳ ಹೆಬ್ಬೆರಳು ಮುಂದಿನ ಗೆಣ್ಣಿಗೆ ಸರಿಯುವುದನ್ನು ಕಂಡ ಮೇಲೆ ಅವರಿಗೆ ಹುರುಪು ಬಂತು. ಮುಚ್ಚಿದ್ದ ಕಿಟಕಿ ತೆರೆಯಲು ಎದ್ದರು. ಬಿಸಿಲು ಬಂತೆಂದು ಅದನ್ನೇ ಮುಚ್ಚಲು ಎದ್ದರು. ಬೆಕ್ಕಿಲ್ಲದ ಕಡೆ ಬೆಕ್ಕನ್ನು ಓಡಿಸಲು ಎದ್ದರು.

ಖೈರುನ್ನೀಸಾ ಬಾಗಿ ಪಿಸುಗುಟ್ಟಿದಳು: "ಬೇಟಿ, ಅಜ್ಜಿ ನಿನಗೆ ತೋರ್ಸಕ್ಕೆ ಸುಮ್ಸುಮ್ನೆ ಏಳಾಕತ್ತೈತೆ. ನಿನ್ನ ಎಣಿಕೆ ಕೆಟ್ಟು ಹೋಗ್ತದೆ ನೋಡು."

ರೇಣುಕಾ ಅವರು ಹೆಬ್ಬೆರಳನ್ನು ಗೆಣ್ಣಿನಿಂದ ತೆಗೆದುಬಿಟ್ಟರು. "ಕೆಡ್ಲಿ ಬಿಡ್ರಿ ಅಮ್ಮ" ಅಂದರು. "ಏಳ್ಲಿ."